ಸಿಸ್ಟರುಗಳ ಕಾಲೇಜಿನಲ್ಲಿ ಅಯ್ಯನೋರ ಮೊಮ್ಮಗಳು

ಹಾಸ್ಟೆಲಿನ ಮೊದಲ ಬೆಳಗ್ಗೆ ನನಗೆ ಎಚ್ಚರವಾಗಿದ್ದು ಗಂಟೆಯ ಸದ್ದಿಗೆ. ಇನ್ನೂ ಕತ್ತಲು. ಊರಲ್ಲಿ ಅಷ್ಟು ಹೊತ್ತಿಗೆ ಗಂಟೆ ಬಾರಿಸುವವರು ನನ್ನ ಅಜ್ಜ. ನಿದ್ದೆಗಣ್ಣಲ್ಲಿ ಊರಲ್ಲೇ ಇದ್ದೇನೆ ಅಂದುಕೊಂಡು ಎದ್ದು ಕೂತೆ. ಎದುರಿನ ಗೋಡೆಯಲ್ಲಿ ಶಿಲುಬೆ ಕಂಡಿತು. ಹೊರಗೆ ಜೋರು ಮಳೆ. ಆಗ ನೆನಪಾಯಿತು, ಇದು ಮಂಗಳೂರು, ಇದು ಸಿಸ್ಟರುಗಳ ಹಾಸ್ಟೆಲ್, ಅದು ಚಾಪೆಲ್ ಗಂಟೆ.

ಅದು 2013. ನಮ್ಮದು ಹಾವೇರಿ ಜಿಲ್ಲೆಯಲ್ಲಿ ರಾಣೆಬೆನ್ನೂರು ಕಡೆಯ ಹಳ್ಳಿ. ಜಂಗಮರ ಮನೆ. ಅಜ್ಜನನ್ನು ಊರವರು ಅಯ್ಯನೋರು ಅಂತ ಕರೆಯುತ್ತಾರೆ. ಕೂಸು ಹುಟ್ಟಿದರೆ ಲಿಂಗಧಾರಣೆಗೆ, ಮದುವೆಗೆ, ಸಾವಿಗೆ, ಎಲ್ಲದಕ್ಕೂ ಅಜ್ಜ ಬೇಕು. ನಾನು ಪಿಯುಸಿ ಸೈನ್ಸ್ ಮುಗಿಸಿ ನರ್ಸಿಂಗ್ ಓದುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಮ್ಮ (ಅಜ್ಜಿಯನ್ನು ನಾವು ಹಾಗೇ ಕರೆಯುವುದು) ಎರಡು ದಿನ ಊಟ ಬಿಟ್ಟಳು. ‘ಕಂಡೋರ ಹೇಲು ಉಚ್ಚೆ ಬಳಿಯಾಕ ಇಷ್ಟು ಓದಬೇಕೇನು?’ ಎಂದಳು. ಚಿಕ್ಕಪ್ಪನ ಚಿಂತೆ ಬೇರೆ. ಸೀಟು ಸಿಕ್ಕಿದ್ದು ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಕಾಲೇಜಿನಲ್ಲಿ. ಹುಡುಗಿಯ ಜಾತಿ ಕೆಡಿಸುತ್ತಾರೆ ಅಂತ ಅವನ ಭಯ.

ಅಜ್ಜ ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನಿದ್ದ. ಆಮೇಲೆ ಇಷ್ಟೇ ಹೇಳಿದ: ‘ಹೋಗ್ಲಿ ಬಿಡ್ರಿ. ಲಿಂಗ ಕೊರಳಾಗ ಐತಿ.’

ಆ ಕೊರಳಿನ ವಿಷಯವೇ ಮೊದಲ ವಾರದಲ್ಲಿ ಎದ್ದಿತು.

ಸ್ಕಿಲ್ ಲ್ಯಾಬಿನಲ್ಲಿ ಮೊದಲ ಪಾಠ ಕೈ ತೊಳೆಯುವುದು. ಅದಕ್ಕೂ ಮೊದಲು ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಬಳೆ, ಉಂಗುರ, ಗಡಿಯಾರ, ಸರ ಎಲ್ಲ ತೆಗೆಯಬೇಕು. ಉಗುರು ಕತ್ತರಿಸಿರಬೇಕು. ಕೇರಳದ ಹುಡುಗಿಯರು ಶಿಲುಬೆಯ ಸರ ಬಿಚ್ಚಿ ಪರ್ಸಿಗೆ ಹಾಕಿಕೊಂಡರು. ನನ್ನ ಸರದಿ ಬಂತು. ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಇದನ್ನು ಮೈಯಿಂದ ಬೇರೆ ಮಾಡುವ ಹಾಗಿಲ್ಲ ಅಂತ ಹೇಳಿದೆ. ಹೇಳುವಾಗ ದನಿ ನಡುಗುತ್ತಿತ್ತು. ಮ್ಯಾಮ್ ಕೋಪ ಮಾಡಿಕೊಳ್ಳಲಿಲ್ಲ. ಆದರೆ ಲ್ಯಾಬಿಗೆ ಸೇರಿಸಲೂ ಇಲ್ಲ. ಅವತ್ತು ಇಡೀ ಬೆಳಗ್ಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ.

ಮಧ್ಯಾಹ್ನ ಪ್ರಿನ್ಸಿಪಾಲ್ ಸಿಸ್ಟರ್ ಕರೆಸಿದರು. ನಾನು ಮನಸ್ಸಿನಲ್ಲೇ ಊರಿಗೆ ಹೋಗುವ ಬಸ್ಸಿನ ಲೆಕ್ಕ ಹಾಕಿಕೊಂಡು ಹೋದೆ. ಅವರು ಮೊದಲು ಕೂರಲು ಹೇಳಿದರು. ಆಮೇಲೆ ಒಂದೊಂದಾಗಿ ಕೇಳಿದರು. ಇದನ್ನು ಯಾವಾಗ ಕಟ್ಟುತ್ತಾರೆ, ಯಾರು ಕಟ್ಟುತ್ತಾರೆ, ಸ್ನಾನ ಮಾಡುವಾಗಲೂ ಇರುತ್ತದಾ, ಬೇರೆಯವರು ಮುಟ್ಟಬಹುದಾ. ತೋರಿಸು ಅಂತ ಮಾತ್ರ ಕೇಳಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಕೊನೆಗೆ ಅವರು ಹೇಳಿದ್ದು: ‘ನೋಡು, ಸರ ಯಾಕೆ ಬೇಡ ಅಂದರೆ ನೀನು ಬಗ್ಗಿದಾಗ ಅದು ರೋಗಿಯ ಗಾಯಕ್ಕೆ ತಾಗುತ್ತದೆ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗುತ್ತದೆ. ಗಾಬರಿಯಾದ ರೋಗಿ ಹಿಡಿದು ಎಳೆದರೆ ನಿನಗೂ ಅಪಾಯ. ಇದು ಧರ್ಮದ ಮಾತಲ್ಲ. ನೇತಾಡದ ಹಾಗೆ, ಹೊರಗೆ ಕಾಣದ ಹಾಗೆ ಕಟ್ಟಿಕೊಳ್ಳಲು ಆಗುತ್ತದಾ?’

ಆಗುತ್ತದೆ ಅಂದೆ. ಕರಡಿಗೆಯನ್ನು ಅಪ್ಪನ ಕೈಯಲ್ಲಿ ಊರಿಗೆ ಕಳಿಸಿದೆ. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಯೂನಿಫಾರ್ಮಿನ ಒಳಗೆ ಎದೆಗೆ ಬಿಗಿಯಾಗಿ ಕಟ್ಟಿಕೊಂಡೆ. ಬಟ್ಟೆಯನ್ನೂ ದಾರವನ್ನೂ ದಿನಾ ತೊಳೆದು ಬದಲಿಸಬೇಕು ಅನ್ನುವುದು ಸಿಸ್ಟರ್ ಷರತ್ತು. ನಾಲ್ಕು ವರ್ಷ ಹಾಗೇ ಮಾಡಿದೆ. ಹಾಸ್ಟೆಲಿನ ಹಗ್ಗದ ಮೇಲೆ ನನ್ನ ಚಿಕ್ಕ ಬಿಳಿ ಬಟ್ಟೆ ಒಣಗುವುದನ್ನು ಕಂಡರೆ ಎಲ್ಲರಿಗೂ ಅದು ಯಾರದು ಅಂತ ಗೊತ್ತಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಮಳೆ ಬಂದರೆ ಮಾತ್ರ ಯಾರಾದರೂ ಕೂಗುತ್ತಿದ್ದರು, ನಿನ್ನ ಬಟ್ಟೆ ನೆನೀತಿದೆ ಬಾ ಅಂತ.

ವಿಭೂತಿಯ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ಹಣೆಯ ಮೇಲಿನ ಮೂರು ಗೆರೆ ಅಳಿಸಿ ವಾರ್ಡಿಗೆ ಬಾ ಅಂದರು. ಯೂನಿಫಾರ್ಮ್ ಎಲ್ಲರದೂ ಒಂದೇ ಥರ ಇರಬೇಕು, ಅಷ್ಟೇ ಕಾರಣ. ಸೋಂಕಿನ ಕಾರಣ ಹೇಳಿದ್ದರೆ ನೋವಾಗುತ್ತಿರಲಿಲ್ಲ. ಇದು ನೋವಾಯಿತು. ಐದು ಗಂಟೆಗೆ ಎದ್ದು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಏಳು ಗಂಟೆಗೆ ಒದ್ದೆ ಕರವಸ್ತ್ರದಲ್ಲಿ ಅದನ್ನು ಒರೆಸುತ್ತಿದ್ದೆ. ದಿನಾ.

ಕೋರ್ಸು ಬೇರೆ ಕಾಲೇಜುಗಳದ್ದೇ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬೇರೆ ಇದ್ದದ್ದು ದಿನಚರಿ. ತರಗತಿಗೆ ಮೊದಲು ಪ್ರಾರ್ಥನೆ. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಪ್ರಾರ್ಥನೆ. ನಾವು ಎದ್ದು ನಿಂತರೆ ಸಾಕು, ಬಾಯಿ ತೆರೆಯಬೇಕಿರಲಿಲ್ಲ. ವಾರಕ್ಕೊಂದು ಪೀರಿಯಡ್ ಕ್ಯಾಥೊಲಿಕ್ ಹುಡುಗಿಯರಿಗೆ ಧರ್ಮೋಪದೇಶ. ಆಗ ಉಳಿದ ನಮಗೆ ಪಕ್ಕದ ಕೋಣೆಯಲ್ಲಿ ಮೌಲ್ಯ ಶಿಕ್ಷಣ. ಆ ಕೋಣೆಯಲ್ಲಿ ನಾನು, ಬಂಟರ ಇಬ್ಬರು ಹುಡುಗಿಯರು, ಉಳ್ಳಾಲದ ಒಬ್ಬಳು ಬ್ಯಾರಿ ಹುಡುಗಿ, ಕೊಡಗಿನ ಒಬ್ಬಳು, ಇನ್ನೂ ಕೆಲವರು. ಆ ಬ್ಯಾರಿ ಹುಡುಗಿಯೇ ನನ್ನ ಜೀವದ ಗೆಳತಿಯಾದಳು.

ಮೊದಲ ತಿಂಗಳು ಗೊತ್ತಿಲ್ಲದೆ ಒಂದು ತಪ್ಪು ಮಾಡಿದೆ. ಯಾವುದೋ ಹಬ್ಬದ ಪೂಜೆಗೆ ಎಲ್ಲರ ಜೊತೆ ಚಾಪೆಲಿಗೆ ಹೋಗಿದ್ದೆ. ಎಲ್ಲರೂ ಎದ್ದು ಸಾಲಾಗಿ ಪಾದ್ರಿಯ ಹತ್ತಿರ ಹೋದರು. ನಾನೂ ಹೋದೆ. ನಮ್ಮಲ್ಲಿ ಪ್ರಸಾದ ಯಾರಿಗೂ ಇಲ್ಲ ಅನ್ನುವುದಿಲ್ಲ. ನನ್ನ ಹಿಂದೆ ನಿಂತಿದ್ದ ವಯಸ್ಸಾದ ಸಿಸ್ಟರ್ ಮೆಲ್ಲಗೆ ನನ್ನ ಎರಡೂ ಕೈ ಹಿಡಿದು ಎದೆಯ ಮೇಲೆ ಅಡ್ಡಡ್ಡ ಇಟ್ಟರು. ಹೀಗೆ ಹೋಗು ಅಂದರು. ಪಾದ್ರಿ ನನಗೆ ‘ಅಪ್ಪ’ (ಅವರ ಪ್ರಸಾದದ ತೆಳು ರೊಟ್ಟಿ) ಕೊಡಲಿಲ್ಲ, ತಲೆ ಮೇಲೆ ಕೈಯಿಟ್ಟು ಹರಸಿದರು. ಅದು ಜ್ಞಾನಸ್ನಾನ (ತಲೆಗೆ ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ಸಂಸ್ಕಾರ) ಆದ ಕ್ಯಾಥೊಲಿಕರಿಗೆ ಮಾತ್ರ ಅಂತ ಸಿಸ್ಟರ್ ಆಮೇಲೆ ತಿಳಿಸಿ ಹೇಳಿದರು. ನನಗೆ ಬೇಜಾರಾಗಲಿಲ್ಲ. ಎಲ್ಲಿಯವರೆಗೆ ಹೋಗಬಹುದು ಅಂತ ಗೊತ್ತಾದ ಮೇಲೆ ಚಾಪೆಲಿನಲ್ಲಿ ಕೂರಲು ನಿರಾಳವಾಯಿತು. ಪೂಜೆ ಇಲ್ಲದ ಹೊತ್ತಿನಲ್ಲಿ ಸಿಸ್ಟರುಗಳು ಪೀಠದ ಮೇಲಿಟ್ಟ ಆ ಬಿಳಿಯ ಗುಂಡಗಿನ ಅಪ್ಪವನ್ನೇ ನೋಡುತ್ತಾ ಒಂದೊಂದು ಗಂಟೆ ಮೌನವಾಗಿ ಕೂರುತ್ತಿದ್ದರು. ಅಜ್ಜ ಅಂಗೈಯ ಲಿಂಗವನ್ನು ಹಾಗೇ ನೋಡುತ್ತಾನೆ. ಆ ನೋಟ ನನಗೆ ಹೊಸದಾಗಿರಲಿಲ್ಲ.

ನರ್ಸಿಂಗ್ ಇತಿಹಾಸದ ಪಾಠ ನನಗೆ ತುಂಬಾ ಹಿಡಿಸಿತ್ತು. ಅಮ್ಮ ಯಾಕೆ ಊಟ ಬಿಟ್ಟಳು ಅನ್ನುವುದಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಕಂಡವರ ರಕ್ತ, ಮಲ, ಕೀವು ಮುಟ್ಟುವುದು ಮೈಲಿಗೆ ಅಂತ ನಮ್ಮ ಕಡೆಯ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಆ ಕೆಲಸವನ್ನು ಮಿಷನ್ ಆಸ್ಪತ್ರೆಗಳ ಹೆಂಗಸರು ಕೈಗೆತ್ತಿಕೊಂಡರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದ್ದು. ಮೈಸೂರಿನಲ್ಲಿ ಇವತ್ತಿಗೂ ಜನ ಮಿಷನ್ ಆಸ್ಪತ್ರೆ ಅಂತಲೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದ್ದು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದರು. 1946ರಲ್ಲಿ ದೇಶದ ಮೊದಲ ನರ್ಸಿಂಗ್ ಪದವಿ ಕೋರ್ಸುಗಳು ಶುರುವಾದಾಗ ಒಂದು ಅಲ್ಲೇ, ಇನ್ನೊಂದು ದೆಹಲಿಯಲ್ಲಿ. ಆಧುನಿಕ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಕರೆದುಕೊಂಡು ಹೋದ 38 ಹೆಂಗಸರಲ್ಲಿ 10 ಜನ ಕ್ಯಾಥೊಲಿಕ್ ಸಿಸ್ಟರುಗಳಿದ್ದರು. ನೈಟಿಂಗೇಲ್ ಕ್ಯಾಥೊಲಿಕ್ ಅಲ್ಲ. ಇವರು ಗಾಯಾಳುಗಳನ್ನು ಮತಾಂತರ ಮಾಡುತ್ತಾರೆ ಅಂತ ಆಗಲೂ ಲಂಡನ್ನಿನಲ್ಲಿ ಗುಲ್ಲೆದ್ದಿತ್ತಂತೆ. ನಮ್ಮ ಚಿಕ್ಕಪ್ಪನ ಭಯ ಅಷ್ಟು ಹಳೆಯದು.

ಮೊದಲ ವರ್ಷ ದೀಪ ಬೆಳಗುವ ಸಮಾರಂಭಕ್ಕೆ ಅಪ್ಪ, ಅವ್ವ, ಅಜ್ಜ ಮೂವರೂ ಬಂದರು. ಅವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬೈಬಲ್ ಓದಿದರು. ದೊಡ್ಡ ದೀಪದಿಂದ ಒಬ್ಬೊಬ್ಬರ ಕೈದೀಪಕ್ಕೆ ಬೆಂಕಿ ತಾಗಿಸಿದರು. ಆಮೇಲೆ ಪ್ರತಿಜ್ಞೆ. ಅದು ನೈಟಿಂಗೇಲ್ ಹೆಸರಿನಲ್ಲಿ 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬರೆದದ್ದು. ಅದರ ಮೊದಲ ಸಾಲೇ ‘ದೇವರ ಮುಂದೆ’ ಅಂತ ಇದೆ. ಯಾವ ದೇವರು ಅಂತ ನನಗೆ ಹಿಂದಿನ ರಾತ್ರಿಯೆಲ್ಲ ಚಿಂತೆ. ಗೆಳತಿ ನೇರ ಹೋಗಿ ಪ್ರಿನ್ಸಿಪಾಲರನ್ನೇ ಕೇಳಿದ್ದಳು. ‘ನೀನು ಸುಳ್ಳು ಹೇಳಲು ಹೆದರುವ ದೇವರು ಯಾರೋ ಅವನು’ ಅಂದಿದ್ದರಂತೆ. ನಾನು ಎದೆಯ ಮೇಲೆ, ಬಟ್ಟೆ ಕಟ್ಟಿದ ಜಾಗಕ್ಕೆ ಸರಿಯಾಗಿ ಕೈಯಿಟ್ಟುಕೊಂಡು ಪ್ರತಿಜ್ಞೆ ಹೇಳಿದೆ.

ಎರಡನೇ ವರ್ಷ ಮೋಂತಿ ಹಬ್ಬ ಬಂತು. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕ್ರೈಸ್ತರಿಗೆ ಅದೇ ಹೊಸ ತೆನೆಯ ಹಬ್ಬವೂ ಹೌದು. ಒಂಬತ್ತು ದಿನ ಮೊದಲಿನಿಂದ ಮಕ್ಕಳು ಬಾಲ ಮರಿಯಮ್ಮನಿಗೆ ಹೂವು ಹಾಕುತ್ತಾರೆ. ಹಬ್ಬದ ದಿನ ಭತ್ತದ ತೆನೆಗೆ ಪೂಜೆ ಮಾಡಿಸಿ ಮನೆಗೆ ತರುತ್ತಾರೆ. ಹೊಸ ಭತ್ತದ ಕಾಳನ್ನು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯುತ್ತಾರೆ. ಸಹಪಾಠಿಯೊಬ್ಬಳು ಮನೆಗೆ ಕರೆದಳು. ಮಂಗಳೂರಿಗೆ ಬಂದ ಮೇಲೆ ಊಟದ್ದೇ ನನ್ನ ದೊಡ್ಡ ಕಷ್ಟ. ಮೀನಿನ ಸಾರಿನ ಪಕ್ಕದಲ್ಲಿ ಕುಚ್ಚಲಕ್ಕಿ ಅನ್ನ ನುಂಗುವುದು ಕಷ್ಟವಾಗಿ, ರೊಟ್ಟಿ ನೆನೆದು ಅತ್ತದ್ದಿದೆ. ಹೋಗಲು ಹಿಂಜರಿದೆ. ಅವಳ ತಾಯಿ ಫೋನಿನಲ್ಲಿ, ಇವತ್ತು ನಮ್ಮ ಮನೆಯಲ್ಲಿ ಮೀನೂ ಇಲ್ಲ ಮಾಂಸವೂ ಇಲ್ಲ, ಬಾ ಮಗಾ ಅಂದರು. ನಿಜ, ಆ ದಿನ ಅವರದ್ದು ಬರೀ ತರಕಾರಿ ಊಟ. ಅದೂ ಬೆಸ ಸಂಖ್ಯೆಯಲ್ಲಿ. ಅವರ ಮನೆಯಲ್ಲಿ ಏಳು ಬಗೆ ಇತ್ತು. ಹರಿವೆ, ಬೆಂಡೆ, ಹೀರೆ, ಕೆಸುವಿನ ದಂಟು. ಬಾಳೆ ಎಲೆ ಹಾಕಿ ನನ್ನನ್ನು ಮಧ್ಯದಲ್ಲಿ ಕೂರಿಸಿದರು. ಕಟ್ಟಿಕೊಟ್ಟ ಒಂದು ತೆನೆಯನ್ನು ತಂದು ಹಾಸ್ಟೆಲಿನ ಕಿಟಕಿಗೆ ಸಿಕ್ಕಿಸಿದೆ.

2015ರ ಫೆಬ್ರವರಿ 17ಕ್ಕೆ ಶಿವರಾತ್ರಿ. ಊರಿಗೆ ಹೋಗಲು ರಜೆ ಇರಲಿಲ್ಲ. ಉಪವಾಸ ಮಾಡಿ, ಸಂಜೆ ಕದ್ರಿ ದೇವಸ್ಥಾನಕ್ಕೆ ಹೋಗಿಬಂದೆ. ಜಾಗರಣೆಗೆ ಓದುವ ಕೋಣೆಯ ಲೈಟು ಆರಿಸದೆ ಬಿಡಬಹುದಾ ಅಂತ ವಾರ್ಡನ್ ಸಿಸ್ಟರನ್ನು ಕೇಳಿದೆ. ಬಿಟ್ಟರು. ರಾತ್ರಿ ಎರಡು ಗಂಟೆಗೆ ಒಮ್ಮೆ ಇಣುಕಿ ನೋಡಿ, ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟು ಹೋದರು. ಬೆಳಗ್ಗೆ ನಿದ್ದೆಗೆಟ್ಟ ಕಣ್ಣಲ್ಲಿ, ಎಂದಿನಂತೆ ವಿಭೂತಿ ಒರೆಸಿಕೊಂಡು ವಾರ್ಡಿಗೆ ಹೋದೆ. ನೋಡಿದರೆ ಎಲ್ಲರ ಹಣೆಯಲ್ಲೂ ಬೂದಿ!

ಅವತ್ತು ವಿಭೂತಿ ಬುಧವಾರ. ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ ಅವತ್ತಿನಿಂದ ಶುರು. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಆ ಬೂದಿ ಮಾಡುತ್ತಾರೆ. ಮಣ್ಣಿನಿಂದ ಬಂದವನು ಮಣ್ಣಿಗೇ ಹೋಗುತ್ತೀಯ ಅಂತ ಹೇಳಿ ಪಾದ್ರಿ ಹಣೆಗೆ ಹಚ್ಚುತ್ತಾರೆ. ಮೊದಲ ವರ್ಷ ಆ ದಿನ ನಾನು ಊರಲ್ಲಿದ್ದೆ, ಹಾಗಾಗಿ ನೋಡಿರಲಿಲ್ಲ. ವಿಭೂತಿ ಅಳಿಸು ಅಂದಿದ್ದ ಮ್ಯಾಮ್ ಹಣೆಯಲ್ಲೂ ಬೂದಿಯ ಶಿಲುಬೆ. ನಾನು ನೋಡಿದ್ದನ್ನು ಅವರು ನೋಡಿದರು. ಏನೂ ಮಾತಾಡಲಿಲ್ಲ. ಹತ್ತು ಗಂಟೆಗೆ ಟೀ ಬಿಡುವಿನಲ್ಲಿ ಹತ್ತಿರ ಕರೆದರು. ‘ನಿನ್ನದು ರೂಮಿನಲ್ಲಿ ಇದೆಯಾ?’ ಅಂದರು. ಇದೆ ಅಂದೆ. ‘ಹೋಗಿ ಹಚ್ಚಿಕೊಂಡು ಬಾ.’ ನಾನು ಹಾಸ್ಟೆಲಿಗೆ ಓಡಿದೆ. ವಿಭೂತಿ ಗಟ್ಟಿಗೆ ನೀರು ಹಾಕಿ ಉಜ್ಜಿ, ಮೂರು ಬೆರಳಲ್ಲಿ ಎಳೆದುಕೊಂಡು ಬಂದೆ. ಅವತ್ತು ಮಧ್ಯಾಹ್ನದವರೆಗೆ ಆ ವಾರ್ಡಿನಲ್ಲಿ ಅವರದು ನಿಂತ ಬೂದಿ, ನನ್ನದು ಮಲಗಿದ ಬೂದಿ. ಮಾರನೇ ದಿನ ಮತ್ತೆ ಅದೇ ನಿಯಮ. ಅದನ್ನು ಅವರು ಬದಲಿಸಲಿಲ್ಲ. ಬದಲಿಸಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎಲ್ಲ ದಿನವೂ ಹೀಗಿರಲಿಲ್ಲ. ಅದೇ ವರ್ಷ ಮೂರು ದಿನದ ಧ್ಯಾನಕೂಟಕ್ಕೆ ಹೊರಗಿನಿಂದ ಒಬ್ಬ ಪ್ರಚಾರಕರು ಬಂದರು. ನಮ್ಮನ್ನೂ ಕೂರಿಸಿದ್ದರು. ಕಲ್ಲಿಗೆ ಕೈಮುಗಿಯುವವರು ಕತ್ತಲಲ್ಲಿದ್ದಾರೆ ಅಂತ ಅವರು ದೊಡ್ಡ ದನಿಯಲ್ಲಿ ಹೇಳಿದರು. ಸಭೆಯಲ್ಲಿ ಕೆಲವರು ತಿರುಗಿ ನನ್ನನ್ನು ನೋಡಿದರು. ಎದ್ದು ಹೋಗುವ ಧೈರ್ಯ ಆಗಲಿಲ್ಲ. ರಾತ್ರಿ ಬಚ್ಚಲಲ್ಲಿ ಅತ್ತೆ. ಗೆಳತಿ ನನ್ನ ಕೈ ಹಿಡಿದುಕೊಂಡು ಪ್ರಿನ್ಸಿಪಾಲ್ ಕೋಣೆಗೆ ಕರೆದೊಯ್ದಳು. ಅವರು ಪೂರ್ತಿ ಕೇಳಿಸಿಕೊಂಡರು. ಮೇಜಿನ ಮೇಲಿನ ಕೈಯನ್ನೇ ನೋಡುತ್ತಾ, ‘ಇದು ನಮ್ಮಿಂದಾದ ತಪ್ಪು’ ಅಂದರು. ಮುಂದಿನ ವರ್ಷದಿಂದ ಧ್ಯಾನಕೂಟಕ್ಕೆ ನಾವು ಕೂರಬೇಕಿರಲಿಲ್ಲ. ಆದರೂ ಆ ಮಾತು ಮನಸ್ಸಿನಿಂದ ಹೋಗಲು ತುಂಬಾ ದಿನ ಬೇಕಾಯಿತು.

ಮೂರನೇ ವರ್ಷದ ಒಂದು ರಾತ್ರಿ ಡ್ಯೂಟಿ. ಗಂಡಸರ ಮೆಡಿಸಿನ್ ವಾರ್ಡಿನಲ್ಲಿ ದಾವಣಗೆರೆ ಕಡೆಯ ಹಿರಿಯರೊಬ್ಬರು ತೀರಿಕೊಂಡರು. ನಮ್ಮ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಬರುವವರು ಜಾಸ್ತಿ. ಹೆಣದ ಕೊನೆಯ ಆರೈಕೆ ಮಾಡುವುದು ನರ್ಸ್ ಕೆಲಸ. ಪುಸ್ತಕದಲ್ಲಿರುವ ಕ್ರಮ ಹೀಗೆ: ಕಣ್ಣು ಮುಚ್ಚಿ, ದವಡೆ ಕಟ್ಟಿ, ಕೈಕಾಲು ನೆಟ್ಟಗೆ ಮಾಡಿ, ಎರಡೂ ಪಾದ ಸೇರಿಸಿ ಕಟ್ಟಬೇಕು. ವಾರ್ಡಿನ ಸಿಸ್ಟರ್ ಗಾಜ್ ಪಟ್ಟಿ ತೆಗೆದುಕೊಂಡು ಕಾಲು ಕಟ್ಟತೊಡಗಿದ್ದರು. ನಾನು ಹೊದಿಕೆ ಸರಿಮಾಡುವಾಗ ಆ ಅಜ್ಜನ ಕೊರಳಲ್ಲಿ ಶಿವದಾರ ನೋಡಿದೆ.

ನಮ್ಮಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಸಮಾಧಿ ಮಾಡುತ್ತೇವೆ. ಸತ್ತ ಎರಡು ಮೂರು ಗಂಟೆಯಲ್ಲಿ ದವಡೆಯಿಂದ ಶುರುವಾಗಿ ಮೈ ಸೆಟೆಯುತ್ತಾ ಹೋಗುತ್ತದೆ. ಕಾಲು ನೆಟ್ಟಗೆ ಕಟ್ಟಿ ಕಳಿಸಿದರೆ, ಅವರು ಊರು ತಲುಪುವ ಹೊತ್ತಿಗೆ ಕಾಲು ಮಡಚಲು ಆಗುವುದಿಲ್ಲ. ಅಂಥ ಹೆಣಗಳನ್ನು ಕೂರಿಸಲು ಮನೆಯವರು ಪಡುವ ಪಾಡನ್ನು ಅಜ್ಜನ ಜೊತೆ ಹೋದಾಗ ನಾನೇ ಕಂಡಿದ್ದೆ. ಅದನ್ನು ನೋಡಿದವರು ಮರೆಯುವುದಿಲ್ಲ.

ಸಿಸ್ಟರಿಗೆ ಹೇಳಿದೆ. ಅವರ ಕೈ ನಿಂತಿತು. ಗಂಟು ಬಿಚ್ಚಿದರು. ಹೊರಗೆ ನಿಂತಿದ್ದ ಮಗನನ್ನು ಕರೆದು, ನಿಮ್ಮ ಪದ್ಧತಿ ಏನು ಅಂತ ಕೇಳಿದರು. ಅವನು ನನ್ನ ಮುಖ ನೋಡಿ, ‘ಕೂರಿಸ್ಬೇಕಮ್ಮ’ ಎಂದ. ನಾವು ಮೂವರೂ ಸೇರಿ ಅಜ್ಜನ ಕಾಲು ಮಡಚಿದೆವು. ಬೆನ್ನಿಗೆ ದಿಂಬು ಕೊಟ್ಟು, ಅಗಲವಾದ ಬ್ಯಾಂಡೇಜ್ ಬಟ್ಟೆಯಲ್ಲಿ ತೊಡೆ ಮತ್ತು ಹಿಮ್ಮಡಿಯನ್ನು ಬಿಗಿಯದ ಹಾಗೆ ಕಟ್ಟಿದೆವು. ಎಡಗೈ ಮಡಿಲಿಗೆ ಬಂತು. ಮಗ ಲಿಂಗವನ್ನು ಅಂಗೈಗೆ ಇಟ್ಟ. ವಿಭೂತಿ ಬೇಕಲ್ಲ ಅಂತ ಸಿಸ್ಟರೇ ನೆನಪು ಮಾಡಿದರು. ನಾನು ರೂಮಿನಿಂದ ತಂದೆ. ಅವನು ಅಪ್ಪನ ಹಣೆಗೆ ಹಚ್ಚುವಾಗ ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸಿ ನಿಂತಿದ್ದರು. ಗೋಡೆಯ ಶಿಲುಬೆಯ ಕೆಳಗೇ ಅಜ್ಜ ಪದ್ಮಾಸನದಲ್ಲಿ ಕೂತಿದ್ದ.

ಬೆಳಗ್ಗೆ ಸಿಸ್ಟರ್ ನನ್ನನ್ನು ತರಗತಿಗೆ ಕರೆದೊಯ್ದು ಜೂನಿಯರುಗಳ ಮುಂದೆ ನಿಲ್ಲಿಸಿದರು. ರಾತ್ರಿ ನಡೆದದ್ದನ್ನು ಹೇಳು ಅಂದರು. ಮುಂದಿನ ವಾರ ಗೆಳತಿ ಮುಸ್ಲಿಮರ ಪದ್ಧತಿ ಹೇಳಿದಳು. ಸಾಯುವವರ ಕಿವಿಯಲ್ಲಿ ಕಲಿಮಾ ಹೇಳಲು ಮನೆಯವರಿಗೆ ಜಾಗ ಬಿಡಬೇಕು, ಮುಖ ಕಿಬ್ಲಾ (ಮೆಕ್ಕಾದ ದಿಕ್ಕು) ಕಡೆ ತಿರುಗಿಸಬೇಕು, ಹೆಣವನ್ನು ತೊಳೆಯುವ ಕೆಲಸ ಅವರಿಗೇ ಬಿಡಬೇಕು. ವಾರ್ಡಿನ ನೋಟ್‌ಬುಕ್ಕಿನಲ್ಲಿ ಸಿಸ್ಟರ್ ಇದೆಲ್ಲ ಬರೆದಿಟ್ಟರು. ಮೊದಲ ಸಾಲಿಗೆ ಕೆಂಪು ಪೆನ್ನಿನ ಗೆರೆ: ‘ಮೊದಲು ಮನೆಯವರನ್ನು ಕೇಳಿ.’

ಆದರೆ ಒಂದು ವಿಷಯದಲ್ಲಿ ಅವರಿಗೂ ನನಗೂ ಹೊಂದಿಕೆ ಆಗಲೇ ಇಲ್ಲ.

ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡುವುದಿಲ್ಲ, ಅದು ಗೊತ್ತಿತ್ತು. ಸಂತಾನಹರಣ ಆಪರೇಷನ್ ಇಲ್ಲ, ಕಾಪರ್-ಟಿ ಹಾಕುವುದಿಲ್ಲ. ಪೋಪ್ ಆರನೇ ಪೌಲ್ 1968ರಲ್ಲಿ ಇದನ್ನು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ನಮ್ಮ ಸಿಲೆಬಸ್ಸಿನಲ್ಲಿ ಅದೆಲ್ಲ ಇದೆ. ತರಗತಿಯಲ್ಲಿ ಪೂರ್ತಿ ಪಾಠ ಮಾಡುತ್ತಿದ್ದರು, ಏನನ್ನೂ ಬಚ್ಚಿಡಲಿಲ್ಲ. 1971ರ ಗರ್ಭಪಾತ ಕಾಯ್ದೆಯನ್ನು ಸಿಸ್ಟರೇ ಬೋರ್ಡಿನ ಮೇಲೆ ಬರೆದು ಕಲಿಸಿದರು. ಲಾಗ್‌ಬುಕ್ಕಿನ ಕೇಸುಗಳಿಗೆ ಮಾತ್ರ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸುತ್ತಿದ್ದರು. ಅಲ್ಲೇ ಕಲಿತೆವು.

ನನಗೆ ಸಿಟ್ಟು ಬಂದದ್ದು ಒಬ್ಬ ತಾಯಿಯ ವಿಷಯದಲ್ಲಿ. ಬಂಟ್ವಾಳ ಕಡೆಯವಳು, ಬೀಡಿ ಕಟ್ಟುವವಳು. ಮೂರನೇ ಸಿಸೇರಿಯನ್. ಹೇಗೂ ಹೊಟ್ಟೆ ಕೊಯ್ಯುತ್ತಾರೆ, ಆಗಲೇ ಆಪರೇಷನ್ ಮಾಡಿಬಿಡಿ, ನಾಲ್ಕನೆಯದು ನನ್ನಿಂದ ಆಗಲ್ಲ ಅಂತ ಬೇಡಿಕೊಂಡಳು. ಸಿಸೇರಿಯನ್ ಜಾಸ್ತಿ ಆದಷ್ಟೂ ಗರ್ಭಕೋಶ ಬಿರಿಯುವ ಅಪಾಯ ಹೆಚ್ಚು ಅಂತ ನಾವೇ ಓದಿದ್ದೆವು. ಇಲ್ಲಿ ಮಾಡುವುದಿಲ್ಲ ಅಂದರು. ಅವಳು ಮತ್ತೊಂದು ಆಸ್ಪತ್ರೆಗೆ ಹೋಗಿ, ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕು. ಅವಳೇನೂ ಕ್ಯಾಥೊಲಿಕ್ ಅಲ್ಲ. ಸೇರುವಾಗಲೇ ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನು ಸಿಸ್ಟರ್ ಹತ್ತಿರ ವಾದ ಮಾಡಿದೆ. ಅವರು ತಮ್ಮ ನಂಬಿಕೆ ಹೇಳಿದರು. ನಾನು ಅವಳ ಹೊಟ್ಟೆಯ ಗಾಯದ ಮಾತು ಹೇಳಿದೆ. ಇಬ್ಬರ ಕಣ್ಣಲ್ಲೂ ನೀರು. ಯಾರೂ ಸೋಲಲಿಲ್ಲ. ಅದಾದ ಮೇಲೆ ಹೆರಿಗೆಗೆ ಹೆಸರು ಬರೆಸಲು ಬಂದವರಿಗೆಲ್ಲ, ಇಲ್ಲಿ ಇಂಥದ್ದು ಮಾಡುವುದಿಲ್ಲ, ಬೇಕಿದ್ದರೆ ಈಗಲೇ ಯೋಚಿಸಿ ಅಂತ ನಾನೇ ಹೇಳತೊಡಗಿದೆ. ಸಿಸ್ಟರ್ ಬೇಡ ಅನ್ನಲಿಲ್ಲ.

ಕೊನೆಯ ವರ್ಷ, 2017. ನವಜಾತ ಶಿಶುಗಳ ಐಸಿಯುವಿನಲ್ಲಿ ಪೋಸ್ಟಿಂಗ್.

ಇದಕ್ಕೂ ಮೊದಲು ಒಂದು ಪಾಠದ ಬಗ್ಗೆ ಹೇಳಬೇಕು. ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಪಾದ್ರಿ ಬರುವಷ್ಟು ಹೊತ್ತಿಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಕ್ರೈಸ್ತರೇ ಆಗಿರಬೇಕೆಂದಿಲ್ಲ. ನೀರು ಬೇಕು, ಆ ಮಾತುಗಳು ಬೇಕು, ಚರ್ಚು ಏನನ್ನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸು ಬೇಕು. ಇದು ಅವರ ಧರ್ಮದ ಕಾನೂನಿನಲ್ಲೇ ಇದೆ. ಸಿಸ್ಟರ್ ಇದನ್ನು ನಮಗೆಲ್ಲರಿಗೂ ಕಲಿಸಿದ್ದರು. ತಂದೆ ತಾಯಿ ಕೇಳದೆ ಯಾವ ಕೂಸಿನ ತಲೆಗೂ ಒಂದು ಹನಿ ನೀರು ಹಾಕಬೇಡಿ ಅಂತಲೂ ಹೇಳಿದ್ದರು. ಪ್ರಸಾದದ ಅಪ್ಪ ಕೊಡದೆ ಕೈ ಅಡ್ಡ ಇಡಿಸಿದ ಧರ್ಮವೇ ಇದನ್ನು ಮಾತ್ರ ನನ್ನ ಕೈಗೆ ಕೊಟ್ಟಿದೆ ಅಂತ ಅವತ್ತು ಬೆರಗಾಗಿತ್ತು. ಪರೀಕ್ಷೆಗೆ ಬರುವ ವಿಷಯವಲ್ಲ ಅಂತ ಆಮೇಲೆ ಮರೆತಿದ್ದೆ.

ಆ ಕೂಸು 26 ವಾರಕ್ಕೇ ಹುಟ್ಟಿತ್ತು. 700 ಗ್ರಾಂ. ಚರ್ಮದ ಕೆಳಗೆ ನರಗಳೆಲ್ಲ ಕಾಣುತ್ತಿದ್ದವು. ನನ್ನ ಹೆಬ್ಬೆರಳಿನಷ್ಟು ಅದರ ಪಾದ. ಮೂರನೇ ರಾತ್ರಿ ಎದೆ ಬಡಿತ ಇಳಿಯುತ್ತಾ ಹೋಯಿತು. ಡಾಕ್ಟರ್ ಎರಡು ಹೆಬ್ಬೆರಳಲ್ಲಿ ಎದೆ ಒತ್ತುತ್ತಿದ್ದರು. ಸಿಸ್ಟರ್ ಉಸಿರು ತುಂಬುವ ಅಂಬು ಬ್ಯಾಗ್ ಹಿಡಿದಿದ್ದರು. ತಾಯಿ ಇನ್ನೂ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ತಂದೆ ಗೌನು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಜ್ಞಾನಸ್ನಾನ ಆಗಿಲ್ಲ ಅಂತ ಕೊಂಕಣಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ಫಾದರಿಗೆ ಫೋನ್ ಹೋಗಿತ್ತು, ಇನ್ನೂ ಬಂದಿರಲಿಲ್ಲ. ತಂದೆಯೇ ಕೊಡಬಹುದು ಅಂತ ಸಿಸ್ಟರ್ ಹೇಳಿದರು. ಅವನು ಕೈ ಎತ್ತಿ ತೋರಿಸಿದ. ಎರಡೂ ಕೈ ತಡೆಯಲಾಗದಷ್ಟು ನಡುಗುತ್ತಿದ್ದವು. ಸಿಸ್ಟರ್ ಬ್ಯಾಗ್ ಒತ್ತುತ್ತಲೇ ನನ್ನ ಕಡೆ ನೋಡಿದರು. ಆಮೇಲೆ ಅವನ ಕಡೆ ನೋಡಿ, ‘ಇವಳು ಕ್ರಿಶ್ಚಿಯನ್ ಅಲ್ಲ. ಆದರೆ ಕೊಡಬಹುದು. ಒಪ್ಪಿಗೆಯಾ?’ ಎಂದರು. ಅವನು ತಲೆ ಆಡಿಸಿದ. ನನ್ನನ್ನೂ ಕೇಳಿದರು. ‘ನಿನಗೆ?’

ಕೈ ತೊಳೆದೆ. ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ಒಡೆದು, ಚಿಕ್ಕ ಸಿರಿಂಜಿಗೆ ಎಳೆದು, ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿದೆ. ಹೆಸರೇನು ಅಂತ ಕೇಳಿದೆ. ತನ್ನ ತಾಯಿಯ ಹೆಸರು ಹೇಳಿದ. ಡಾಕ್ಟರ ಬೆರಳಿಗೆ ಅಡ್ಡವಾಗದ ಹಾಗೆ ಬಗ್ಗಿ, ಆ ಹೆಸರು ಕರೆದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಅಂತ ಹೇಳುತ್ತಾ ಮೂರು ಸಲ ನೀರು ಬಿಟ್ಟೆ. ಹಣೆಯಿಂದ ಇಳಿದು ಕಿವಿಯ ಹಿಂದೆ ಹೋಯಿತು. ಗಾಜ್ ತುಂಡಿನಲ್ಲಿ ಒತ್ತಿ ಒರೆಸಿದೆ. ಬಗ್ಗಿದಾಗ ಎದೆಗೆ ಕಟ್ಟಿದ ಲಿಂಗ ಒತ್ತುತ್ತಿತ್ತು. ಅಜ್ಜ ಕೂಸುಗಳಿಗೆ ಲಿಂಗ ಕಟ್ಟುವಾಗ ಬಾಯಿಯೆಲ್ಲ ಒಣಗುತ್ತದೆ ಅನ್ನುತ್ತಿದ್ದ. ನನಗೂ ಹಾಗೇ ಒಣಗಿತ್ತು.

ಕೂಸು ಇಪ್ಪತ್ತು ನಿಮಿಷದ ನಂತರ ಹೋಯಿತು. ತಂದೆಯ ಅಂಗೈಯಲ್ಲಿ.

ಫಾದರ್ ಬಂದರು, ಪ್ರಾರ್ಥನೆ ಮಾಡಿದರು. ಜ್ಞಾನಸ್ನಾನ ಆಗಿದೆ, ಮತ್ತೆ ಕೊಡುವ ಹಾಗಿಲ್ಲ ಅಂದರು. ಆಮೇಲೆ ನರ್ಸಿಂಗ್ ಸ್ಟೇಷನ್ನಿನಲ್ಲಿ ನನ್ನ ಎದುರು ಕೂತು ಒಂದು ಹಾಳೆ ತೆಗೆದರು. ಇದನ್ನು ಚರ್ಚಿನ ದಾಖಲೆ ಪುಸ್ತಕದಲ್ಲಿ ಬರೆಯಬೇಕಂತೆ. ದಿನ, ಹೊತ್ತು, ಮಗುವಿನ ಹೆಸರು, ತಂದೆ ತಾಯಿಯ ಹೆಸರು. ‘ಜ್ಞಾನಸ್ನಾನ ಕೊಟ್ಟವರು’ ಅನ್ನುವ ಕಡೆ ಪೆನ್ನು ನಿಲ್ಲಿಸಿ ನನ್ನ ಪೂರ್ತಿ ಹೆಸರು ಕೇಳಿದರು. ಹೇಳಿದೆ. ನನ್ನ ಅಡ್ಡಹೆಸರಿನ ಕೊನೆಗೆ ‘ಮಠ’ ಅಂತ ಇದೆ. ಫಾದರ್ ಒಂದು ಸಲ ತಲೆಯೆತ್ತಿ ನೋಡಿ, ಹಾಗೇ ಬರೆದುಕೊಂಡರು.

ಬೆಳಗ್ಗೆ ಡ್ಯೂಟಿ ಮುಗಿದ ಮೇಲೆ ಊರಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಎತ್ತಿದ. ಅಜ್ಜನಿಗೆ ಕೊಡು ಅಂದೆ. ಅಜ್ಜ ಪೂಜೆ ಮುಗಿಸಿ ಬರುವವರೆಗೆ ಕಾದೆ. ನಡೆದದ್ದನ್ನೆಲ್ಲ ಹೇಳಿದೆ. ಅಜ್ಜ ಬೈಯ್ಯಬಹುದು ಅಂತಲೂ ಇತ್ತು. ಆ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ. ಹಿತ್ತಲಿನಲ್ಲಿ ಎಮ್ಮೆ ಕೂಗಿದ್ದು ಕೇಳಿಸಿತು.

‘ಕೂಸಿಗೆ ಏನು ಹೆಸರಿಟ್ಟಿ?’ ಅಂದ.

ಹೇಳಿದೆ. ಅಜ್ಜನ ಬಾಯಿಗೆ ಅದು ಹೊಸ ಹೆಸರು. ಸರಿಯಾಗಿ ಬರುವವರೆಗೆ ಎರಡು ಸಲ ಮೆಲ್ಲಗೆ ಹೇಳಿಕೊಂಡ.